ಕಾರ್ಡ್‌ನಲ್ಲಿ ಡಿಸ್ಕ್ ಇದೆ, ಇನ್‌ಸ್ಟಾಲರ್‌ನಲ್ಲಿ ಇಲ್ಲ: ಹಳೇ ರೇಡ್ ಸರ್ವರ್‌ನ ತೊಂದರೆ

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್710 ಸರ್ವರ್ ತಂದಿದ್ದೇವೆ. ಜಿಯಾನ್ 5600 ಸರಣಿಯ ಎರಡು ಪ್ರೊಸೆಸರ್, ಪರ್ಕ್ 6/ಐ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ತೋರಿಸುವ ಕಾರ್ಡ್), 2 ಟಿಬಿಯ ಆರು ಸಾಟಾ ಡಿಸ್ಕ್. ಆರನ್ನೂ ಸೇರಿಸಿ ರೇಡ್ 5 ಮಾಡಿದ್ದೇವೆ. ಕಾರ್ಡಿನ ಮೆನುವಿನಲ್ಲಿ ‘ಆಪ್ಟಿಮಲ್’ ಅಂತ ಬರುತ್ತದೆ. ಆದರೆ ರಾಕಿ ಲಿನಕ್ಸ್ 9 ಹಾಕಲು ಹೋದರೆ ಪೆನ್‌ಡ್ರೈವ್ ಬಿಟ್ಟು ಬೇರೆ ಯಾವ ಡಿಸ್ಕೂ ಕಾಣುವುದಿಲ್ಲ. ಉಬುಂಟು 24.04 ಸರ್ವರ್‌ಗೆ ಡಿಸ್ಕ್ ಕಂಡಿತು. ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಟಿಕ್ ತೆಗೆದು ಇಡೀ ಜಾಗವನ್ನು ಒಂದೇ ಪಾರ್ಟಿಶನ್ ಮಾಡಿ ಹಾಕಿದೆವು. ಇನ್‌ಸ್ಟಾಲ್ ಮುಗಿದು ರೀಬೂಟ್ ಆದಾಗ ‘ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್ ಎಚ್‌ಡಿ0’ ಎಂದು ಬಂದು ಗ್ರಬ್ ರೆಸ್ಕ್ಯೂನಲ್ಲಿ ನಿಂತಿದೆ. ಪ್ರತಿ ಸಲ ಆನ್ ಮಾಡಿದಾಗಲೂ ಬ್ಯಾಟರಿ ಬಗ್ಗೆ ಒಂದು ಎಚ್ಚರಿಕೆ ಬರುತ್ತದೆ. ರೇಡ್ ಕಾರ್ಡ್ ಹೋಗಿದೆ, ಬದಲಾಯಿಸಿ ಅಂತ ಒಬ್ಬರು ಹೇಳಿದರು. ನಿಜವಾ? ಡಿಸ್ಕ್‌ಗಳಲ್ಲಿ ಬೇಕಾದ ಡೇಟಾ ಏನೂ ಇಲ್ಲ. ಮುಂದೆ 4 ಟಿಬಿ ಡಿಸ್ಕ್ ಹಾಕುವ ಆಸೆಯೂ ಇದೆ.

ಉತ್ತರ: ಕಾರ್ಡ್ ಹೋಗಿಲ್ಲ. ಹೋಗಿದ್ದರೆ ಉಬುಂಟು ಅದರ ಮೇಲೆ ಅಷ್ಟೂ ಫೈಲ್ ಬರೆದು ಮುಗಿಸುತ್ತಿರಲಿಲ್ಲ. ನಿಮ್ಮ ಹತ್ತಿರ ಇರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆ. ಎರಡೂ ಒಂದೇ ಮೆಷಿನ್‌ನಲ್ಲಿ ಬಂದಿರುವುದರಿಂದ ಒಂದೇ ಕಾಯಿಲೆ ಅನ್ನಿಸುತ್ತಿದೆ, ಅಷ್ಟೇ. ಬ್ಯಾಟರಿ ಮೂರನೆಯದು. ಅದು ಇನ್‌ಸ್ಟಾಲ್‌ಗೆ ಅಡ್ಡ ಬರುವುದಿಲ್ಲ, ಆದರೂ ಅದರ ಬಗ್ಗೆ ಹೇಳುವುದಿದೆ.

ಇಂಥ ಕಡೆ ನಾನು ಮೊದಲು ಕೇಳುವುದು ಒಂದೇ: ಡಿಸ್ಕ್ ಯಾವ ಹಂತದಲ್ಲಿ ಕಾಣೆಯಾಗುತ್ತಿದೆ? ರೇಡ್ ಸರ್ವರ್‌ನಲ್ಲಿ ಡಿಸ್ಕ್ ನಾಲ್ಕು ಕೈ ದಾಟಿ ಬರಬೇಕು. ಮೊದಲು ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ಪ್ರೋಗ್ರಾಂ) ಅದನ್ನು ಗುರುತಿಸಬೇಕು. ಆಮೇಲೆ ಸರ್ವರ್ ಆನ್ ಆದಾಗ ಮೊದಲು ಓಡುವ ಬಯೋಸ್. ಆಮೇಲೆ ಇನ್‌ಸ್ಟಾಲರ್‌ನ ಕರ್ನಲ್‌ (ಓಎಸ್‌ನ ತಿರುಳು) ಒಳಗಿನ ಡ್ರೈವರ್. ಕೊನೆಗೆ, ಇನ್‌ಸ್ಟಾಲ್ ಮುಗಿದು ರೀಬೂಟ್ ಆದಾಗ, ಡಿಸ್ಕಿನಿಂದ ಕರ್ನಲ್ ಎತ್ತಿಕೊಡುವ ಬೂಟ್‌ಲೋಡರ್, ಅಂದರೆ ನಿಮ್ಮ ಗ್ರಬ್. ರಾಕಿಯಲ್ಲಿ ನಿಮ್ಮ ಡಿಸ್ಕ್ ಮೂರನೇ ಕೈಯಲ್ಲಿ ಕಳೆದುಹೋಗಿದೆ. ಉಬುಂಟುವಿನಲ್ಲಿ ಮೂರನೆಯದನ್ನು ದಾಟಿ ನಾಲ್ಕನೆಯದರಲ್ಲಿ ಎಡವಿದೆ. ಇದು ಗೊತ್ತಾಗದೆ ಸುಮ್ನೆ ಐಎಸ್‌ಒ (ಇನ್‌ಸ್ಟಾಲರ್ ಫೈಲ್) ಬದಲಾಯಿಸುತ್ತಾ, ಡಿಸ್ಕ್ ತೆಗೆದು ಹಾಕುತ್ತಾ ಹೋದರೆ ವಾರ ಕಳೆದರೂ ಮುಗಿಯುವುದಿಲ್ಲ.

ರಾಕಿಯಲ್ಲಿ ಡಿಸ್ಕ್ ಯಾಕೆ ಕಾಣುವುದಿಲ್ಲ

ಪರ್ಕ್ 6/ಐ ಎಂಬುದು ಡೆಲ್ ಇಟ್ಟ ಹೆಸರು. ಒಳಗಿರುವುದು ಎಲ್‌ಎಸ್‌ಐ ಕಂಪನಿಯ ಸ್ಯಾಸ್ 1078 ಚಿಪ್. ಲಿನಕ್ಸ್‌ನಲ್ಲಿ ಇದನ್ನು ನೋಡಿಕೊಳ್ಳುವ ಡ್ರೈವರ್ ಮೆಗಾರೇಡ್ ಸ್ಯಾಸ್. ಆ ಡ್ರೈವರ್ ರಾಕಿ 9ರಲ್ಲೂ ಇದೆ. ಹಾಗಾದರೆ ಯಾಕೆ ಕಾಣುವುದಿಲ್ಲ?

ಪ್ರತಿ ಪಿಸಿಐ ಕಾರ್ಡ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಿಮ್ಮದು 1000:0060. ಡ್ರೈವರ್‌ನೊಳಗೆ ತಾನು ನೋಡಿಕೊಳ್ಳುವ ಸಂಖ್ಯೆಗಳ ಪಟ್ಟಿ ಇರುತ್ತದೆ. ರೆಡ್ ಹ್ಯಾಟ್ ಕಂಪನಿ 2019ರಲ್ಲಿ ತನ್ನ ಲಿನಕ್ಸ್‌ನ ಆವೃತ್ತಿ 8 ಬಿಡುಗಡೆ ಮಾಡಿದಾಗ ಹಳೇ ಕಾರ್ಡ್‌ಗಳ ಸಂಖ್ಯೆಗಳನ್ನು ಈ ಪಟ್ಟಿಯಿಂದ ತೆಗೆದುಹಾಕಿತು. ಪರ್ಕ್ 5ರ 1028:0015, ನಿಮ್ಮ 1000:0060 ಎರಡೂ ಆಗಲೇ ಹೋದವು. ಎಚ್‌ಪಿ ಡಿಎಲ್380 ಜಿ7ನಲ್ಲಿ ಬರುವ ಸ್ಮಾರ್ಟ್ ಅರೇ ಪಿ410ಐ ಕಾರ್ಡ್‌ದೂ ಇದೇ ಕಥೆ. ಅಲ್ಲಿ ಡ್ರೈವರ್ ಬೇರೆ, ಎಚ್‌ಪಿಎಸ್‌ಎ ಅಂತ. ರಾಕಿ ರೆಡ್ ಹ್ಯಾಟನ್ನು ಇದ್ದ ಹಾಗೇ ಅನುಸರಿಸುವುದರಿಂದ ಅಲ್ಲೂ ಅವು ಇಲ್ಲ. ಡೆಬಿಯನ್ ಮತ್ತು ಉಬುಂಟು ಮೂಲ ಕರ್ನಲ್‌ನ ಪಟ್ಟಿಯನ್ನು ಹಾಗೇ ಇಟ್ಟುಕೊಂಡಿವೆ. ಅದಕ್ಕೇ ಉಬುಂಟುವಿಗೆ ನಿಮ್ಮ ಡಿಸ್ಕ್ ಕಂಡಿದ್ದು.

ಇದನ್ನು ನೀವೇ ನೋಡಿ ಖಚಿತ ಮಾಡಿಕೊಳ್ಳಬಹುದು. ರಾಕಿ ಇನ್‌ಸ್ಟಾಲರ್ ತೆರೆದಾಗ ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಎಲ್‌ಎಸ್‌ಪಿಸಿಐ ಆದೇಶವನ್ನು -ಎನ್‌ಎನ್‌ಕೆ ಆಯ್ಕೆ ಸೇರಿಸಿ ಕೊಡಿ. ಉದ್ದದ ಪಟ್ಟಿಯಲ್ಲಿ ‘ರೇಡ್ ಬಸ್ ಕಂಟ್ರೋಲರ್’ ಅಂತ ಒಂದು ಸಾಲು ಇರುತ್ತದೆ, ಕೊನೆಗೆ ಚೌಕ ಆವರಣದಲ್ಲಿ 1000:0060. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯಾ ನೋಡಿ. ಉಬುಂಟುವಿನಲ್ಲಿ ಇರುತ್ತದೆ, ರಾಕಿಯಲ್ಲಿ ಇರುವುದಿಲ್ಲ. ಕಾರ್ಡ್ ಪಿಸಿಐ ಪಟ್ಟಿಯಲ್ಲಿ ಇದೆ, ಡ್ರೈವರ್ ಹತ್ತಿರ ಬಂದಿಲ್ಲ ಅಂತ ಅರ್ಥ. ಒಂದು ವೇಳೆ ಪಟ್ಟಿಯಲ್ಲಿ ಆ ಕಾರ್ಡಿನ ಸಾಲೇ ಇಲ್ಲದಿದ್ದರೆ ಆಗ ಹಾರ್ಡ್‌ವೇರ್ ಅನುಮಾನ ಪಡಬೇಕು: ಕಾರ್ಡ್ ಸ್ಲಾಟ್‌ನಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ನಿಜಕ್ಕೂ ಸತ್ತಿದೆ.

ರಾಕಿಯೇ ಬೇಕೆಂದರೆ ದಾರಿ ಇದೆ. ಎಲ್‌ರೆಪೊ ಎಂಬ ಸಮುದಾಯದ ಯೋಜನೆಯವರು, ರೆಡ್ ಹ್ಯಾಟ್ ತೆಗೆದ ಸಂಖ್ಯೆಗಳನ್ನು ಮತ್ತೆ ಸೇರಿಸಿದ ಡ್ರೈವರ್‌ಗಳನ್ನು ಚಿಕ್ಕ ಐಎಸ್‌ಒ ಆಗಿ ಕೊಡುತ್ತಾರೆ. ಅದನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಬರೆದು, ಬೂಟ್ ಮೆನುವಿನಲ್ಲಿ ಟ್ಯಾಬ್ ಒತ್ತಿ, ಸಾಲಿನ ಕೊನೆಗೆ ಐಎನ್‌ಎಸ್‌ಟಿ.ಡಿಡಿ ಎಂದು ಸೇರಿಸಿದರೆ ಇನ್‌ಸ್ಟಾಲರ್ ಡ್ರೈವರ್ ಎಲ್ಲಿದೆ ಅಂತ ಕೇಳುತ್ತದೆ. ಆವೃತ್ತಿ ಹೊಂದಬೇಕು: ನಿಮ್ಮ ಐಎಸ್‌ಒ 9.4 ಆದರೆ ಡ್ರೈವರ್ ಕೂಡ 9.4ಕ್ಕೆ ಮಾಡಿದ್ದೇ ಇರಬೇಕು. ರಾಕಿಯ ಹಾಗೇ ರೆಡ್ ಹ್ಯಾಟನ್ನು ಆಧರಿಸಿದ ಅಲ್ಮಾಲಿನಕ್ಸ್‌ನವರು 9.4ರಿಂದ, ಅಂದರೆ 2024ರಿಂದ, ಇಂಥ ಎಷ್ಟೋ ಹಳೇ ಕಾರ್ಡ್‌ಗಳನ್ನು ತಾವೇ ವಾಪಸ್ ಸೇರಿಸಿದ್ದಾರೆ. ಅದರ ಬಿಡುಗಡೆ ಟಿಪ್ಪಣಿಯಲ್ಲಿ ನಿಮ್ಮ ಸಂಖ್ಯೆ ಇದೆಯಾ ನೋಡಿ ಪ್ರಯತ್ನಿಸಬಹುದು.

ಆದರೆ ನಾನಾಗಿದ್ದರೆ ಈ ಮೆಷಿನ್‌ಗೆ ಹೊರಗಿನ ಡ್ರೈವರ್ ಹಾಕುವುದಿಲ್ಲ. ಇನ್‌ಸ್ಟಾಲ್ ಆಗುತ್ತದೆ, ನಿಜ. ಆಮೇಲೆ 9.4ರಿಂದ 9.5ಕ್ಕೆ ಹೋಗುವಾಗ ಕರ್ನಲ್ ಬದಲಾಗಿ, ಆ ಡ್ರೈವರ್ ಅದಕ್ಕೆ ಹೊಂದದೆ ಹೋದರೆ ಸರ್ವರ್ ಬೂಟ್ ಆಗುವುದೇ ಇಲ್ಲ. ಯಾಕೆಂದರೆ ರೂಟ್ (ಓಎಸ್‌ನ ಮುಖ್ಯ ಪಾರ್ಟಿಶನ್) ಇರುವ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಯಾರೋ ಅಪ್‌ಡೇಟ್ ಕೊಟ್ಟರೆ ಲ್ಯಾಬ್ ಕಥೆ ಏನಾಗುತ್ತದೆ ಯೋಚಿಸಿ.

ವಿದ್ಯಾರ್ಥಿಗಳಿಗೆ ರೆಡ್ ಹ್ಯಾಟ್ ಮಾದರಿಯ ಲಿನಕ್ಸ್ ಕಲಿಸಬೇಕು ಅನ್ನುವುದಾದರೆ ಸುಲಭದ ಉಪಾಯ ಇದು. ಮೆಷಿನ್ ಮೇಲೆ ಡೆಬಿಯನ್ ಅಥವಾ ಉಬುಂಟು ಹಾಕಿ, ಅದರೊಳಗೆ ಲಿನಕ್ಸ್‌ನದೇ ಕೆವಿಎಂ ಸೌಲಭ್ಯದಲ್ಲಿ ರಾಕಿ 9ನ್ನು ವರ್ಚುವಲ್ ಮೆಷಿನ್ (ಸಾಫ್ಟ್‌ವೇರ್ ರೂಪದ ಕಂಪ್ಯೂಟರ್) ಆಗಿ ಓಡಿಸಿ. ಅದಕ್ಕೆ ಕಾಣುವುದು ಕೆವಿಎಂ ಒದಗಿಸುವ ವರ್ಟ್‌ಐಒ ಎಂಬ ವರ್ಚುವಲ್ ಡಿಸ್ಕ್, ಪರ್ಕ್ ಅಲ್ಲ. ಹಳೇ ಕಾರ್ಡಿನ ತಕರಾರೇ ಇರುವುದಿಲ್ಲ. ವರ್ಚುವಲ್ ಮೆಷಿನ್‌ನ ಸಿಪಿಯು ಮಾದರಿಯನ್ನು ‘ಹೋಸ್ಟ್’ ಅಂತ ಇಡಿ. ರಾಕಿ 9ಕ್ಕೆ ಎಕ್ಸ್86-64 ವಿ2 ಮಟ್ಟದ ಪ್ರೊಸೆಸರ್ ಬೇಕು, ಜಿಯಾನ್ 5600 ಅದನ್ನು ಪೂರೈಸುತ್ತದೆ. ಆವೃತ್ತಿ 10 ಮಾತ್ರ ಆಗುವುದಿಲ್ಲ. ಅದು ವಿ3 ಕೇಳುತ್ತದೆ. ಅಂದರೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಎಂಬ ಸೌಲಭ್ಯ ಬೇಕು, ಅದು ಈ ಪ್ರೊಸೆಸರ್‌ಗಳಲ್ಲಿ ಇಲ್ಲ, ವರ್ಚುವಲ್ ಮೆಷಿನ್ ಮಾಡಿದರೂ ಬರುವುದಿಲ್ಲ. 10ರ ರುಚಿ ನೋಡಲೇಬೇಕೆಂದರೆ ಅಲ್ಮಾಲಿನಕ್ಸ್ 10ಕ್ಕೆ ವಿ2 ಆವೃತ್ತಿ ಪ್ರತ್ಯೇಕವಾಗಿ ಸಿಗುತ್ತದೆ.

ಉಬುಂಟು ಯಾಕೆ ಗ್ರಬ್‌ನಲ್ಲಿ ನಿಂತಿತು

ಈ ದೋಷದ ಸಂದೇಶ ಅಪರೂಪಕ್ಕೆ ಪ್ರಾಮಾಣಿಕವಾದದ್ದು. ಡಿಸ್ಕಿನ ಹೊರಗೆ ಓದಲು ಹೋದೆ ಅಂತ ನೇರವಾಗೇ ಹೇಳುತ್ತಿದೆ.

2 ಟಿಬಿಯ ಆರು ಡಿಸ್ಕ್ ರೇಡ್ 5 ಆದಾಗ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಪಡೆಯುವ ಲೆಕ್ಕಕ್ಕೆ) ಹೋಗಿ 10 ಟಿಬಿ ಉಳಿಯುತ್ತದೆ. ಲಿನಕ್ಸ್ ಲೆಕ್ಕದಲ್ಲಿ ಅದು 9.1 ಅಂತ ಕಾಣುತ್ತದೆ. ಕರ್ನಲ್ ಓಡಲು ಶುರುವಾದ ಮೇಲೆ ಇದರಲ್ಲಿ ಏನೂ ತೊಂದರೆ ಇಲ್ಲ, ಡ್ರೈವರ್ ಪೂರ್ತಿ ಜಾಗ ನೋಡುತ್ತದೆ. ಆದರೆ ಕರ್ನಲ್ ಬರುವ ಮುಂಚೆ ಗ್ರಬ್ ಓದುವುದು ಬಯೋಸ್ ಮೂಲಕ. ಹಳೇ ಬಯೋಸ್ ಮತ್ತು ಹಳೇ ಕಾರ್ಡಿನ ಜೋಡಿಯಲ್ಲಿ ಈ ದಾರಿ 32 ಬಿಟ್ ಲೆಕ್ಕಕ್ಕೇ ನಿಂತುಬಿಡುವುದು ಮಾಮೂಲು. 32 ಬಿಟ್‌ನಲ್ಲಿ ಸುಮಾರು 429 ಕೋಟಿ ಸೆಕ್ಟರ್ ಎಣಿಸಬಹುದು. ಒಂದು ಸೆಕ್ಟರ್ 512 ಬೈಟ್. ಗುಣಿಸಿದರೆ 2.2 ಟಿಬಿ. ಅದರಾಚೆ ಇರುವ ಯಾವ ಫೈಲೂ ಗ್ರಬ್‌ಗೆ ಸಿಗುವುದಿಲ್ಲ.

ನೀವು ಎಲ್‌ವಿಎಂ ಟಿಕ್ ತೆಗೆದಿರಿ. ಟಿಕ್ ಇದ್ದಿದ್ದರೆ ಉಬುಂಟು ಸರ್ವರ್ ಇನ್‌ಸ್ಟಾಲರ್ ಡಿಸ್ಕಿನ ಶುರುವಿನಲ್ಲೇ ಬೂಟ್‌ಗೆ ಅಂತ ಪ್ರತ್ಯೇಕ ಚಿಕ್ಕ ಪಾರ್ಟಿಶನ್ ಮಾಡಿಕೊಳ್ಳುತ್ತಿತ್ತು. ಈಗ ಇರುವುದು 10 ಟಿಬಿಯ ಒಂದೇ ರೂಟ್. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಫೈಲ್‌ಗಳನ್ನು ಮುಂದಿನಿಂದ ಸಾಲಾಗಿ ತುಂಬುವುದಿಲ್ಲ, ಫೋಲ್ಡರ್‌ಗಳನ್ನು ಡಿಸ್ಕಿನ ಉದ್ದಕ್ಕೂ ಹರಡುತ್ತದೆ. ಗ್ರಬ್‌ನ ಫೈಲ್‌ಗಳು ಎಲ್ಲೋ 5ನೇ ಟಿಬಿಯಲ್ಲಿ ಹೋಗಿ ಕೂತರೆ ಮುಗಿಯಿತು. ಇದರಲ್ಲೇ ಇನ್ನೊಂದು ಕೆಟ್ಟ ರೂಪ ಇದೆ. ಮೊದಲ ಸಲ ಅದೃಷ್ಟಕ್ಕೆ ಎಲ್ಲ ಫೈಲೂ 2 ಟಿಬಿಯೊಳಗೆ ಬಿದ್ದು ಚೆನ್ನಾಗಿಯೇ ಬೂಟ್ ಆಗುತ್ತದೆ. ತಿಂಗಳುಗಟ್ಟಲೆ ನಡೆಯುತ್ತದೆ. ಒಂದು ದಿನ ಹೊಸ ಕರ್ನಲ್ ಆಚೆ ಕಡೆ ಬಿದ್ದು, ರೀಬೂಟ್ ಮಾಡಿದಾಗ ಇದೇ ಸಂದೇಶ. ಆಗ ಯಾರಿಗೂ ಕಾರಣ ಹೊಳೆಯುವುದಿಲ್ಲ, ಅಪ್‌ಡೇಟ್‌ನ ಮೇಲೆ ಗೂಬೆ ಕೂರಿಸುತ್ತಾರೆ. ನಿಮಗೆ ಮೊದಲ ದಿನವೇ ಬಂದದ್ದು ಒಳ್ಳೆಯದಾಯಿತು.

ಬೇಕಾದರೆ ಈಗಲೇ ಒಂದು ಪರೀಕ್ಷೆ ಮಾಡಿ. ಗ್ರಬ್ ರೆಸ್ಕ್ಯೂ ಸಾಲಿನಲ್ಲಿ ಎಲ್‌ಎಸ್ ಎಂದು ಬರೆದು ಎಂಟರ್ ಒತ್ತಿ. ಎಚ್‌ಡಿ0, ಅದರ ಪಕ್ಕ ಜಿಪಿಟಿ1, ಜಿಪಿಟಿ2 ಅಂತ ಪಾರ್ಟಿಶನ್‌ಗಳು ಕಂಡರೆ ಕಾರ್ಡ್, ಬಯೋಸ್, ಗ್ರಬ್‌ನ ಮೊದಲ ಭಾಗ ಎಲ್ಲ ಕೆಲಸ ಮಾಡುತ್ತಿವೆ ಎಂದೇ ಅರ್ಥ.

ಡೇಟಾ ಇಲ್ಲ ಅಂದಿರಿ, ಹಾಗಾದರೆ ಕೆಡವಿ ಕಟ್ಟಿ

ಬರೀ ಬೂಟ್ ಸರಿ ಮಾಡುವುದಾದರೆ ಮತ್ತೆ ಉಬುಂಟು ಹಾಕುವಾಗ ಎಲ್‌ವಿಎಂ ಟಿಕ್ ಬಿಟ್ಟರೆ ಸಾಕು. ಆದರೆ ನಿಮ್ಮ ರೇಡ್ 5 ನನಗೆ ಹಿಡಿಸಲಿಲ್ಲ. ಡಿಸ್ಕ್‌ಗಳು ಹಳೆಯವು, ಒಂದೇ ಕಾಲದಲ್ಲಿ ಓಡಿದವು. ಒಂದು ಹೋದಾಗ ಉಳಿದ ಐದನ್ನೂ ಮೊದಲಿನಿಂದ ಕೊನೆತನಕ ಓದಿ ರೀಬಿಲ್ಡ್ ಮಾಡಬೇಕು. ಇನ್ನೊಂದು ಕೈಕೊಡುವುದು ಆ ಹೊತ್ತಿನಲ್ಲೇ. ಈ ಕಾರ್ಡ್ ರೇಡ್ 6 ಮಾಡುತ್ತದೆ. ಆರು ಡಿಸ್ಕಿಗೆ 8 ಟಿಬಿ ಸಿಗುತ್ತದೆ, ಎರಡು ಹೋದರೂ ಡೇಟಾ ಉಳಿಯುತ್ತದೆ. ಕಾಲೇಜಿಗೆ 8 ಟಿಬಿ ಸಾಲದೇ?

ಕೆಡವುವ ಮುಂಚೆ ಡಿಸ್ಕ್‌ಗಳ ಆರೋಗ್ಯ ನೋಡಿಕೊಳ್ಳಿ. ಕಾರ್ಡ್ ‘ಆಪ್ಟಿಮಲ್’ ಅಂದರೆ ಆರೂ ಡಿಸ್ಕ್ ಹಾಜರಿವೆ ಅಂತ ಮಾತ್ರ. ಉಬುಂಟುವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡು ಸ್ಮಾರ್ಟ್‌ಸಿಟಿಎಲ್ ಓಡಿಸಿ. ಸುಮ್ಮನೆ ಓಡಿಸಿದರೆ ರೇಡ್ ಹಿಂದಿನ ಡಿಸ್ಕ್ ಕಾಣುವುದಿಲ್ಲ. ಸಾಧನದ ವಿಧ ಹೇಳುವ ಕಡೆ ‘ಸ್ಯಾಟ್+ಮೆಗಾರೇಡ್’ ಅಂತ ಕೊಟ್ಟು, ಅಲ್ಪವಿರಾಮ ಹಾಕಿ, 0, 1, 2 ಹೀಗೆ ಒಂದೊಂದೇ ಡಿಸ್ಕಿನ ಸಂಖ್ಯೆ ಕೊಡಬೇಕು. ಬರುವ ಕೋಷ್ಟಕದಲ್ಲಿ 5, 197 ಈ ಎರಡು ಸಾಲುಗಳ ಕೊನೆಯ ಅಂಕಿ ನೋಡಿ. 5 ಎಂದರೆ ಕೆಟ್ಟು ಬದಲಿಸಿದ ಸೆಕ್ಟರ್‌ಗಳು, 197 ಎಂದರೆ ಕೆಡುವ ಹಾದಿಯಲ್ಲಿರುವವು. 197ರಲ್ಲಿ ಸೊನ್ನೆ ಬಿಟ್ಟು ಏನಿದ್ದರೂ ಆ ಡಿಸ್ಕನ್ನು ಪಕ್ಕಕ್ಕಿಡಿ. 9ನೇ ಸಾಲಿನಲ್ಲಿ ಎಷ್ಟು ಗಂಟೆ ಓಡಿದೆ ಅಂತ ಇರುತ್ತದೆ. ಐದು ವರ್ಷ ನಿಲ್ಲದೆ ಓಡಿದ್ದಕ್ಕೆ ಸುಮಾರು 43,800 ಬರುತ್ತದೆ. ಮಾರುವವರು ‘ಕಡಿಮೆ ಬಳಸಿದ್ದು’ ಅಂದದ್ದು ಎಷ್ಟು ನಿಜ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಇನ್ನು ಕಟ್ಟುವುದು. ಆನ್ ಆಗುವಾಗ ಕಂಟ್ರೋಲ್ ಮತ್ತು ಆರ್ ಒತ್ತಿ ಕಾರ್ಡಿನ ಮೆನುಗೆ ಹೋಗಿ. ಹಳೇ ವರ್ಚುವಲ್ ಡಿಸ್ಕ್, ಅಂದರೆ ಈಗಿನ ರೇಡ್ 5, ಅಳಿಸಿ. ಹೊಸದು ಮಾಡುವಾಗ ರೇಡ್ 6 ಆರಿಸಿ, ಆರೂ ಡಿಸ್ಕ್‌ಗೆ ಟಿಕ್ ಹಾಕಿ, ಗಾತ್ರದ ಜಾಗದಲ್ಲಿ ಇರುವ ದೊಡ್ಡ ಸಂಖ್ಯೆ ಅಳಿಸಿ 100 ಜಿಬಿ ಅಂತ ಬರೆಯಿರಿ. ಇದು ಓಎಸ್‌ಗೆ. ಆಮೇಲೆ ಅದೇ ಡಿಸ್ಕ್ ಗುಂಪಿನ ಖಾಲಿ ಜಾಗದಲ್ಲಿ ಎರಡನೇ ವರ್ಚುವಲ್ ಡಿಸ್ಕ್ ಮಾಡಿ, ಉಳಿದದ್ದೆಲ್ಲ ಅದಕ್ಕೆ ಕೊಡಿ. ಎರಡಕ್ಕೂ ಫಾಸ್ಟ್ ಇನಿಷಿಯಲೈಸ್ ಕೊಡಿ. ಇದನ್ನು ಬಿಟ್ಟರೆ ಹಳೇ ಪಾರ್ಟಿಶನ್ ಟೇಬಲ್ ಅಲ್ಲೇ ಉಳಿದು ಇನ್‌ಸ್ಟಾಲರ್ ಗೊಂದಲ ಮಾಡಿಕೊಳ್ಳುತ್ತದೆ. ಕೊನೆಗೆ ಕಂಟ್ರೋಲರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಬೂಟ್ ವಿಡಿ (ಬೂಟ್ ಆಗುವ ವರ್ಚುವಲ್ ಡಿಸ್ಕ್) ಆರಿಸುವ ಜಾಗ ಇದೆ, ಅಲ್ಲಿ 100 ಜಿಬಿಯದನ್ನು ಇಡಿ. ಈಗ ಓಎಸ್ ಇರುವ ಡಿಸ್ಕ್ ಬಯೋಸ್‌ನ ಕಣ್ಣಳತೆಯೊಳಗೇ ಇರುತ್ತದೆ, ಒಳಗೆ ಹೇಗೆ ಪಾರ್ಟಿಶನ್ ಮಾಡಿದರೂ ಗ್ರಬ್ ದಾರಿ ತಪ್ಪುವುದಿಲ್ಲ. ಒಂದು ಮಾತು: ರೇಡ್ 10 ಆರಿಸಿದರೆ ಈ ಕಾರ್ಡ್ ಗಾತ್ರ ಬದಲಿಸಲು ಬಿಡುವುದಿಲ್ಲ. ಆಗ ಎರಡು ಡಿಸ್ಕ್ ರೇಡ್ 1 ಮಾಡಿ ಓಎಸ್‌ಗೆ, ನಾಲ್ಕು ಡೇಟಾಗೆ ಎಂದು ಹಂಚಬೇಕಾಗುತ್ತದೆ.

ಮೆನುವಿನಲ್ಲಿ ಯಾವುದಾದರೂ ಡಿಸ್ಕ್ ಪಕ್ಕ ‘ಫಾರಿನ್’ ಅಂತ ಕಂಡರೆ ಗಾಬರಿ ಬೇಡ. ಬೇರೆ ಸರ್ವರ್‌ನ ರೇಡ್ ಗುರುತು ಅದರ ಮೇಲೆ ಇನ್ನೂ ಇದೆ ಅಷ್ಟೇ. ನಿಮಗೆ ಕ್ಲಿಯರ್ ಕೊಡಬಹುದು. ಡೇಟಾ ಬೇಕಾದವರು ಮಾತ್ರ ಕ್ಲಿಯರ್ ಒತ್ತಬಾರದು, ಇಂಪೋರ್ಟ್ ಕೊಡಬೇಕು.

ಇನ್‌ಸ್ಟಾಲ್ ಮಾಡುವಾಗ ಪೆನ್‌ಡ್ರೈವ್ ಮೇಲೆ ಒಂದು ಕಣ್ಣಿರಲಿ. ಆರ್710 ಅದನ್ನು ಹಾರ್ಡ್ ಡಿಸ್ಕ್ ಅಂತಲೇ ಲೆಕ್ಕಕ್ಕೆ ಹಿಡಿಯಬಹುದು. ಎಷ್ಟೋ ಸಲ ಎಸ್‌ಡಿಎ ಪೆನ್‌ಡ್ರೈವ್ ಆಗಿರುತ್ತದೆ, ಎಸ್‌ಡಿಬಿ ರೇಡ್ ಆಗಿರುತ್ತದೆ. ಹೆಸರು ನೋಡಬೇಡಿ, ಗಾತ್ರ ಮತ್ತು ಮಾದರಿ ನೋಡಿ. ಮಾದರಿಯಲ್ಲಿ ಪರ್ಕ್ 6/ಐ ಅಂತಲೇ ಬರೆದಿರುತ್ತದೆ. ಗ್ರಬ್ ತಪ್ಪಿ ಪೆನ್‌ಡ್ರೈವ್‌ಗೆ ಹೋದರೆ ಅದು ಚುಚ್ಚಿದ್ದಾಗ ಬೂಟ್ ಆಗುತ್ತದೆ, ತೆಗೆದರೆ ಇಲ್ಲ.

ಡೆಬಿಯನ್ ಹಾಕುವುದಾದರೆ 12 ಅಥವಾ ಅದಕ್ಕಿಂತ ಹೊಸದು ತೆಗೆದುಕೊಳ್ಳಿ. ಈ ಸರ್ವರ್‌ನ ನಾಲ್ಕು ನೆಟ್‌ವರ್ಕ್ ಪೋರ್ಟ್‌ಗಳು ಬ್ರಾಡ್‌ಕಾಮ್ 5709 ಚಿಪ್‌ನವು, ಅವಕ್ಕೆ ಬಿಎನ್‌ಎಕ್ಸ್2 ಫರ್ಮ್‌ವೇರ್ ಬೇಕು. 2023ರಲ್ಲಿ ಬಂದ ಆವೃತ್ತಿ 12ರಿಂದ ಅದು ಇನ್‌ಸ್ಟಾಲರ್‌ನೊಳಗೇ ಇದೆ. ಹಳೇದರಲ್ಲಿ ಪ್ರತ್ಯೇಕ ಪೆನ್‌ಡ್ರೈವ್‌ನಲ್ಲಿ ಕೊಡಬೇಕಿತ್ತು. ವರ್ಚುವಲ್ ಮೆಷಿನ್ ಓಡಿಸಲೆಂದೇ ಇರುವ ಪ್ರಾಕ್ಸ್‌ಮಾಕ್ಸ್ ಹಾಕುವವರಿಗೆ ಇನ್ನೊಂದು ಕಂಟಕ: ಅದರ 5.15 ಕರ್ನಲ್‌ನಿಂದ ಇಂಟೆಲ್ ಐಒಎಂಎಂಯು (ಕಾರ್ಡ್‌ಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಸೌಲಭ್ಯ) ತಾನಾಗಿ ಆನ್ ಆಗಿರುತ್ತದೆ, ಕೆಲವು ಹಳೇ ರೇಡ್ ಕಾರ್ಡ್‌ಗಳಿಗೆ ಅದು ಆಗಿಬರುವುದಿಲ್ಲ. ಪರದೆ ತುಂಬ ಡಿಎಂಎಆರ್ ದೋಷಗಳು ಬಂದರೆ ಬೂಟ್ ಸಾಲಿನಲ್ಲಿ ಇಂಟೆಲ್_ಐಒಎಂಎಂಯು=ಆಫ್ ಅಂತ ಸೇರಿಸಿ ನೋಡಿ.

ಇದೇ ಆರ್710 ಅಲ್ಲದೆ ಬೇರೆ ಅಗ್ಗದ ಡೆಲ್ ಸರ್ವರ್ ಇಟ್ಟುಕೊಂಡು ಇದನ್ನು ಓದುತ್ತಿರುವವರು ಕಾರ್ಡಿನ ಹೆಸರು ನೋಡಿ. ಎಸ್100, ಎಸ್300 ಅಂತಿದ್ದರೆ ಅದು ನಿಜವಾದ ರೇಡ್ ಕಾರ್ಡ್ ಅಲ್ಲ, ವಿಂಡೋಸ್ ಡ್ರೈವರ್ ಮಾಡುವ ರೇಡ್. ಅದರ ರೇಡ್ ಲಿನಕ್ಸ್‌ಗೆ ಸಿಗುವುದಿಲ್ಲ. ಎಸ್100 ಇದ್ದರೆ ಬಯೋಸ್‌ನಲ್ಲಿ ಸಾಟಾ ವಿಧವನ್ನು ಎಎಚ್‌ಸಿಐಗೆ ಬದಲಿಸಿ, ಲಿನಕ್ಸ್ ತಾನೇ ಮಾಡುವ ಎಂಡಿಎಡಿಎಂ ಎಂಬ ಸಾಫ್ಟ್‌ವೇರ್ ರೇಡ್ ಬಳಸುವುದೇ ಸರಿ.

ಬ್ಯಾಟರಿ ಮಾತು

ಪರ್ಕ್ 6/ಐನಲ್ಲಿ 256 ಎಂಬಿ ಕ್ಯಾಶ್ ಇದೆ. ಬರೆಯಬೇಕಾದದ್ದನ್ನು ಮೊದಲು ಅಲ್ಲಿಟ್ಟುಕೊಂಡು ಆಮೇಲೆ ಡಿಸ್ಕ್‌ಗೆ ಹಾಕುತ್ತದೆ. ಕರೆಂಟ್ ಹೋದರೆ ಆ ಡೇಟಾ ಉಳಿಸುವುದು ಬ್ಯಾಟರಿ. ಬ್ಯಾಟರಿ ಸತ್ತಿದ್ದರೆ ಕಾರ್ಡ್ ತಾನೇ ಎಚ್ಚರ ವಹಿಸಿ ನೇರ ಡಿಸ್ಕ್‌ಗೆ ಬರೆಯುವ ರೈಟ್ ಥ್ರೂಗೆ ಇಳಿಯುತ್ತದೆ. ಇನ್‌ಸ್ಟಾಲ್ ಆಮೆಯ ಹಾಗೆ ನಡೆದಿದ್ದರೆ ಕಾರಣ ಅದೇ. ರೇಡ್ 6ರಲ್ಲಿ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಮೆನುವಿನಲ್ಲಿ ‘ಫೋರ್ಸ್ ರೈಟ್ ಬ್ಯಾಕ್ ವಿತ್ ನೋ ಬ್ಯಾಟರಿ’ ಅಂತ ಒಂದು ಆಯ್ಕೆ ಇದೆ. ವೇಗ ಕೂಡಲೇ ಹೆಚ್ಚುತ್ತದೆ, ಹಾಗಾಗಿ ಎಷ್ಟೋ ಜನ ಟಿಕ್ ಮಾಡಿಬಿಡುತ್ತಾರೆ. ನೀವು ಮಾಡಬೇಡಿ. ಯುಪಿಎಸ್ ಇದೆಯಲ್ಲ ಅನ್ನಬಹುದು. ಯುಪಿಎಸ್‌ನ ಬ್ಯಾಟರಿಯೂ ಒಂದು ದಿನ ಸಾಯುತ್ತದೆ, ಯಾರೋ ವೈರ್ ಎಳೆಯುತ್ತಾರೆ, ಪವರ್ ಸಪ್ಲೈ ಕೈಕೊಡುತ್ತದೆ. ಹೊಸ ಬ್ಯಾಟರಿ ಸಿಗುತ್ತದೆ, ಕಾರ್ಡಿನ ಬೆಲೆಗೆ ಹೋಲಿಸಿದರೆ ದುಬಾರಿಯಲ್ಲ. ಬೆಂಗಳೂರಿಗೆ ಬರುವವರಿದ್ದರೆ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಹೊಸದಾಗಿ ಹಾಕಿದ ಬ್ಯಾಟರಿ ಪೂರ್ತಿ ಚಾರ್ಜ್ ಆಗುವ ತನಕ ಕಾರ್ಡ್ ರೈಟ್ ಥ್ರೂನಲ್ಲೇ ಇರುತ್ತದೆ, ಒಂದು ರಾತ್ರಿ ಆನ್ ಮಾಡಿ ಬಿಟ್ಟು ಬೆಳಿಗ್ಗೆ ನೋಡಿ.

ಇನ್ನು ನಿಮ್ಮ ಕೊನೆಯ ಆಸೆ: 4 ಟಿಬಿ ಡಿಸ್ಕ್ ಈ ಕಾರ್ಡಿಗೆ ಹಾಕಿದರೆ 2 ಟಿಬಿ ಮಾತ್ರ ಕಾಣುತ್ತದೆ, ಉಳಿದರ್ಧ ದಂಡ. ಫರ್ಮ್‌ವೇರ್ ಹೊಸದು ಮಾಡಿದರೂ ಇದು ಬದಲಾಗುವುದಿಲ್ಲ, 1078 ಚಿಪ್‌ನ ಮಿತಿಯೇ ಅಷ್ಟು. 4 ಟಿಬಿ ಪೂರ್ತಿ ಕಾಣಲು ಪರ್ಕ್ ಎಚ್700 ಕಾರ್ಡ್ ಬೇಕು. ಅದು ಇದೇ ಸರ್ವರ್‌ನ ಅದೇ ಜಾಗದಲ್ಲಿ ಕೂರುತ್ತದೆ, ಆದರೆ ಕೇಬಲ್ ಬೇರೆ. ಕಾರ್ಡ್ ಕೊಳ್ಳುವಾಗ ಕೇಬಲ್, ಬ್ಯಾಟರಿ ಎರಡೂ ಸೇರಿಸಿಯೇ ಕೇಳಿ. ಅದಕ್ಕೆ ಹೊಸ ಫರ್ಮ್‌ವೇರ್ ಹಾಕಿಯೇ ದೊಡ್ಡ ಡಿಸ್ಕ್ ಜೋಡಿಸಿ. ರಾಕಿ 9 ಸುಲಭವಾಗಿ ಬರುತ್ತದೆ ಅಂತ ಮಾತ್ರ ಎಚ್700 ಕೊಳ್ಳಬೇಡಿ, ಆವೃತ್ತಿ 9ರ ಪಟ್ಟಿಯಿಂದ ಅದನ್ನೂ ತೆಗೆದಿದ್ದಾರೆ.